ಹೆಣ್ಣು ಕೊಟ್ಟು ತರುವ ಊರುಗಳ ದಾರಿಯಲ್ಲಿ

ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದಲ್ಲಿ ಕೆರ್ ಸಿಂಬಾರಾ ಎಂಬ ಸಣ್ಣ ಹಳ್ಳಿಯಿದೆ. ಅಲ್ಲಿನ ಇಮಾಮ, ಊರ ಹಿರಿಯ ದೆಂಬಾ ಜಾವಾರಾ 1997ರಲ್ಲಿ ಒಂದು ದಿನ, ಆ ಸೀಮೆಯ ಹೆಂಗಸರಿಗೆ ಓದು ಬರಹ ಕಲಿಸುತ್ತಿದ್ದ ಸಂಸ್ಥೆಯ ಮುಖ್ಯಸ್ಥೆಯನ್ನು ಕಂಡು ಒಂದು ಮಾತು ಬಿಡಿಸಿ ಹೇಳಿದರು. ನೀವು ಒಂದು ಊರನ್ನಷ್ಟೇ ನೋಡುತ್ತಿದ್ದೀರಿ. ನಮ್ಮಲ್ಲಿ ಕುಟುಂಬವೆಂದರೆ ಒಂದು ಊರಲ್ಲ, ಹೆಣ್ಣು ಕೊಟ್ಟು ತರುವ ಊರುಗಳೆಲ್ಲ ಸೇರಿ ಒಂದು ಕುಟುಂಬ. ಒಂದು ಊರು ಮಾತ್ರ ಈ ಪದ್ಧತಿ ಬಿಟ್ಟರೆ ಅಲ್ಲಿನ ಹುಡುಗಿಯರನ್ನು ಯಾರೂ ಸೊಸೆ ಮಾಡಿಕೊಳ್ಳುವುದಿಲ್ಲ. ಬಿಡುವುದಾದರೆ ಎಲ್ಲರೂ ಒಟ್ಟಿಗೆ ಬಿಡಬೇಕು. ಇದು ಅವರ ಮಾತಿನ ಸಾರ. ಇಷ್ಟು ಹೇಳಿ ಅವರು ಮನೆಗೆ ಹೋಗಿ ಕೂರಲಿಲ್ಲ. ಆ ಊರುಗಳಿಗೆ ತಾವೇ ನಡೆದುಕೊಂಡು ಹೊರಟರು.

ಅವರು ಹೇಳುತ್ತಿದ್ದದ್ದು ಹೆಣ್ಣುಮಕ್ಕಳ ಜನನಾಂಗ ಛೇದನದ ಬಗ್ಗೆ. ಎಳೆಗೂಸುಗಳಿಂದ ಹಿಡಿದು ಮೈನೆರೆಯುವ ವಯಸ್ಸಿನವರೆಗಿನ ಹುಡುಗಿಯರ ಜನನಾಂಗದ ಹೊರಭಾಗವನ್ನು ಸ್ವಲ್ಪವೋ ಪೂರ್ತಿಯೋ ಕತ್ತರಿಸಿಹಾಕುವ ಪದ್ಧತಿ ಇದು. ಆ ಹೊತ್ತಿನ ನೋವು, ರಕ್ತಸ್ರಾವ, ನಂಜು ಒಂದು ಕಡೆ. ಮದುವೆಯಾದ ಮೇಲೆ ಕಾಡುವ ಯಾತನೆ, ಹೆರಿಗೆಯ ತೊಡಕು, ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಭಯ ಇನ್ನೊಂದು ಕಡೆ. ಎಷ್ಟೋ ಮಕ್ಕಳು ರಕ್ತ ಸುರಿದು ಸತ್ತೇಹೋಗಿದ್ದಾರೆ. ಯುನಿಸೆಫ್ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಇದಕ್ಕೆ ಗುರಿಯಾಗಿ ಇಂದು ಬದುಕಿರುವ ಹೆಂಗಸರು ಮತ್ತು ಹುಡುಗಿಯರ ಸಂಖ್ಯೆ 23 ಕೋಟಿಗೂ ಹೆಚ್ಚು.

ಇದು ಯಾವುದೋ ಒಂದು ಧರ್ಮದವರ ಕ್ರೌರ್ಯ ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ವಿಷಯ ಹಾಗಿಲ್ಲ. ಕುರಾನಿನಲ್ಲಿ ಇದರ ಪ್ರಸ್ತಾಪವೇ ಇಲ್ಲ. ಇಥಿಯೋಪಿಯಾದ ಕ್ರೈಸ್ತರಲ್ಲಿ ಈ ಪದ್ಧತಿ ಇದೆ. ಸೆನೆಗಲ್‌ನಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿರುವ ವೊಲೊಫ್ ಜನ ಮುಸಲ್ಮಾನರು, ಅವರಲ್ಲಿ ಇದರ ವಾಡಿಕೆ ಇಲ್ಲ. ಅದೇ ದೇಶದ ಬಂಬಾರಾ, ಮಂಡಿಂಕಾ, ಸೊನಿಂಕೆ, ಫುಲಾ ಜನರಲ್ಲಿ ಇದೆ. ಧರ್ಮದ ಪುಸ್ತಕಕ್ಕಿಂತ ಬೀಗತನದ ನಂಟೇ ಇದರ ಬೇರು. ಛೇದನವಾಗದ ಹುಡುಗಿ ಶುದ್ಧಳಲ್ಲ, ಅವಳು ಬಡಿಸಿದ ಅನ್ನ ಉಣ್ಣಬಾರದು, ಅವಳನ್ನು ಮನೆ ತುಂಬಿಸಿಕೊಳ್ಳಬಾರದು ಎಂಬ ನಂಬಿಕೆ ಬಲವಾಗಿರುವ ಕಡೆ, ಮಗಳ ಒಳಿತನ್ನೇ ಬಯಸುವ ತಾಯಿ ಮಗಳ ಕೈಹಿಡಿದು ಕತ್ತಿಯ ಮುಂದೆ ಕೂರಿಸುತ್ತಾಳೆ. ಪ್ರೀತಿಯೇ ಈ ಕೆಲಸ ಮಾಡಿಸುತ್ತದೆ ಎಂಬುದು ಅರ್ಥವಾಗದೆ ಇದನ್ನು ನಿಲ್ಲಿಸಲು ಹೊರಟವರೆಲ್ಲ ಸೋತಿದ್ದಾರೆ.

ದೆಂಬಾ ಜಾವಾರಾ ಹುಡುಕಿಕೊಂಡು ಹೋದ ಮಹಿಳೆ ಮಾಲಿ ಮೆಲ್ಚಿಂಗ್. ಅಮೆರಿಕದ ಈ ವಿದ್ಯಾರ್ಥಿನಿ 1974ರಲ್ಲಿ ಓದಲು ಡಕಾರ್ ನಗರಕ್ಕೆ ಬಂದವರು, ಅಲ್ಲೇ ನಿಂತುಬಿಟ್ಟರು. ವೊಲೊಫ್ ಭಾಷೆ ಕಲಿತರು, ಹಳ್ಳಿಯಲ್ಲಿ ವಾಸ ಮಾಡಿದರು, 1991ರಲ್ಲಿ ತೊಸ್ತಾನ್ ಎಂಬ ಸಂಸ್ಥೆ ಕಟ್ಟಿದರು. ಜನರ ಆಡುಮಾತಿನಲ್ಲೇ ಪಾಠ, ಹಾಡು, ನಾಟಕ, ಗುಂಪು ಚರ್ಚೆ. ಅಕ್ಷರ, ಲೆಕ್ಕ, ಆರೋಗ್ಯ, ಕೊನೆಗೆ ಮನುಷ್ಯರ ಹಕ್ಕುಗಳು. ಛೇದನ ನಿಲ್ಲಿಸಬೇಕು ಎಂಬ ಗುರಿ ಇಟ್ಟುಕೊಂಡು ಶುರುವಾದ ಪಾಠಗಳಲ್ಲ ಅವು.

ಡಕಾರ್‌ನಿಂದ ತೆಂಕಣಕ್ಕೆ ಎಂಬೂರ್ ಪಟ್ಟಣದ ಬಳಿ ಮಾಲಿಕುಂಡಾ ಬಂಬಾರಾ ಎಂಬ ಊರು. ಅಲ್ಲಿನ ತರಗತಿಯಲ್ಲಿ ಛೇದನದ ವಿಷಯ ಮೊದಲ ಸಲ ಬಂದಾಗ ಹೆಂಗಸರು ತುಟಿ ಬಿಚ್ಚಲಿಲ್ಲ. ಹೇಳಿಕೊಳ್ಳುವ ವಿಷಯವೇ ಅಲ್ಲ ಅದು. ದಿನ ಕಳೆದಂತೆ ಒಬ್ಬೊಬ್ಬರಾಗಿ ಮಾತಾಡತೊಡಗಿದರು. ತಾವು ಅನುಭವಿಸಿದ ನೋವು ತಮ್ಮ ಹಣೆಬರಹವಲ್ಲ, ಈ ಕತ್ತಿಯದ್ದು ಎಂದು ಅವರಿಗೆ ಹೊಳೆದದ್ದು ಹೀಗೆ ಪರಸ್ಪರ ಹೇಳಿಕೊಂಡಾಗಲೇ. ಊರ ಇಮಾಮರನ್ನು ಕೇಳಿದರು; ಧರ್ಮ ಇದನ್ನು ವಿಧಿಸಿಲ್ಲ ಎಂಬ ಉತ್ತರ ಸಿಕ್ಕಿತು. ಗಂಡಂದಿರ ಜೊತೆ ಮಾತಾಡಿದರು. 1997ರ ಜುಲೈ 31ರಂದು ಪತ್ರಕರ್ತರನ್ನೂ ಅಧಿಕಾರಿಗಳನ್ನೂ ಕರೆಸಿ, ಎಲ್ಲರ ಎದುರು ನಿಂತು, ನಮ್ಮ ಊರಿನಲ್ಲಿ ಇನ್ನು ಮುಂದೆ ಇದು ನಡೆಯುವುದಿಲ್ಲ ಎಂದು ಸಾರಿದರು.

ಆಮೇಲೆ ಅವರು ಕೇಳಬಾರದ ಮಾತು ಕೇಳಬೇಕಾಯಿತು. ಸುತ್ತಲಿನ ಬಂಬಾರಾ ಊರಿನವರು ಸಿಟ್ಟಾದರು. ಮುಚ್ಚಿಡಬೇಕಾದ ವಿಷಯವನ್ನು ಬಯಲಿಗೆ ತಂದು ಕುಲದ ಮಾನ ಕಳೆದರು ಎಂದರು. ಪರದೇಶದವಳ ಮಾತು ಕೇಳಿ ಹಿರಿಯರನ್ನು ಮರೆತರು ಎಂದರು. ದೇಶದ ಅಧ್ಯಕ್ಷ ಅಬ್ದು ಜುಫ್ ಅದೇ ವರ್ಷ ನವೆಂಬರಿನಲ್ಲಿ ಮಾಲಿಕುಂಡಾದ ಹೆಂಗಸರ ನಿರ್ಧಾರವನ್ನು ಎಲ್ಲರೂ ಅನುಸರಿಸಬೇಕೆಂದು ಕರೆಕೊಟ್ಟರು, ನಿಜ. ಆದರೆ ರಾಜಧಾನಿಯ ಸಭಾಂಗಣದ ಹೊಗಳಿಕೆ ಪಕ್ಕದೂರಿನ ಬೀಗರ ಮುನಿಸನ್ನು ಇಳಿಸುವುದಿಲ್ಲ.

ಜಾವಾರಾ ಈ ಕತೆಯೊಳಗೆ ಬರುವುದು ಇಲ್ಲಿ. ಅವರು ಹುಟ್ಟಾ ಸುಧಾರಕರಲ್ಲ. ಮೊದಮೊದಲು ಅವರಿಗೂ ಇದು ಹಿಡಿಸಿರಲಿಲ್ಲ. ತಲೆತಲಾಂತರದ ನಡೆಯನ್ನು ಹೀಗೆ ಬೀದಿಗೆ ತರುವುದು ಸರಿಯಲ್ಲ ಎಂದೇ ವಾದಿಸಿದ್ದರು. ಆದರೆ ವಾದಿಸಿ ನಿಲ್ಲದೆ ಕೇಳಿ ತಿಳಿಯಲು ಹೊರಟರು. ಧರ್ಮ ಬಲ್ಲವರನ್ನು ಕೇಳಿದರು. ವೈದ್ಯರನ್ನು ಕೇಳಿದರು. ಕೊನೆಗೆ ತಮ್ಮ ಮನೆತನದ ಹೆಂಗಸರನ್ನು ಕೇಳಿದರು. ಅಷ್ಟು ವರ್ಷ ಒಂದೇ ಅಂಗಳದಲ್ಲಿ ಬದುಕಿದ ಹೆಂಗಸರು ಏನು ಅನುಭವಿಸಿದ್ದಾರೆ ಎಂಬುದು ಆ ಹಿರಿಯನಿಗೆ ಗೊತ್ತಾದದ್ದು ಆಗಲೇ, ಯಾಕೆಂದರೆ ಅದುವರೆಗೆ ಯಾರೂ ಕೇಳಿರಲಿಲ್ಲ.

ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಮುಖ್ಯವೆನಿಸುವ ಘಳಿಗೆ ಇದು. ಧರ್ಮಗುರುಗಳು ಹೆಣ್ಣಿನ ಪರ ಮಾತಾಡಬೇಕು ಎಂದು ನಾವು ಸದಾ ಹೇಳುತ್ತೇವೆ. ವೇದಿಕೆ ಹಾಕಿ, ಹಾರ ಹಾಕಿ, ಮೈಕು ಕೊಡುತ್ತೇವೆ. ಅವರು ಮಾತಾಡುತ್ತಾರೆ ಕೂಡ. ಹೆಣ್ಣು ದೇವತೆ, ಹೆಣ್ಣು ಶಕ್ತಿ, ಹೆಣ್ಣು ಸಂಸ್ಕೃತಿಯ ಬೇರು. ಆದರೆ ಹೆಂಗಸರ ಮುಂದೆ ಕೂತು, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ತಮ್ಮ ಅಭಿಪ್ರಾಯ ಬದಲಿಸಿಕೊಂಡ ಗುರುಗಳು ಎಷ್ಟು ಮಂದಿ? ಜಾವಾರಾ ಮಾಡಿದ್ದು ಅದನ್ನು.

ಆಮೇಲೆ ನಡಿಗೆ. ಒಂದಿಬ್ಬರು ಬಂಧುಗಳನ್ನು ಕರೆದುಕೊಂಡು ಅವರು ಹತ್ತು ಹಳ್ಳಿಗಳಿಗೆ ಹೋದರು. ಎಲ್ಲವೂ ನೆಂಟರ ಊರುಗಳೇ. ಹೋದ ಕೂಡಲೇ ಛೇದನದ ಮಾತು ಎತ್ತುತ್ತಿರಲಿಲ್ಲ. ಯೋಗಕ್ಷೇಮ, ಮಳೆ ಬೆಳೆ, ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಸಾವು. ಆಮೇಲೆ, ನಮ್ಮ ಊರಿನವರು ಹೀಗೊಂದು ವಿಷಯ ತಿಳಿದುಕೊಂಡೆವು, ನಿಮ್ಮ ಮುಂದೆ ಇಡಲು ಬಂದಿದ್ದೇವೆ ಎಂಬ ಮಾತು. ನೀವು ಮಾಡಿದ್ದು ಪಾಪ ಎನ್ನುತ್ತಿರಲಿಲ್ಲ. ಚಿತ್ರ ತೋರಿಸಿ ಹೆದರಿಸುತ್ತಿರಲಿಲ್ಲ. ತಾಯಂದಿರನ್ನು ಕಟುಕರು ಎಂದು ಕರೆಯುವ ಭಾಷೆ ಅವರದಾಗಿರಲಿಲ್ಲ. ಆದರೂ ಕೆಲವು ಕಡೆ ಜನ ಕೆರಳಿದರು, ಎದ್ದು ಹೋಗಿ ಎಂದರು. ಜಾವಾರಾ ಎದ್ದು ಬಂದರು, ಮತ್ತೆ ಹೋದರು. ನೆಂಟನಾದವನನ್ನು ಒಂದು ಸಲ ಬೈದು ಕಳಿಸಬಹುದು, ಎರಡನೇ ಸಲ ಬಂದಾಗ ನೀರು ಕೊಡದೆ ಇರಲಾಗುವುದಿಲ್ಲ. ಹೊರಗಿನಿಂದ ಬಂದ ಯಾವ ಕಾರ್ಯಕರ್ತೆಗೂ ಇರದಿದ್ದ ಸಲಿಗೆ ಅದು.

ಅವರೊಬ್ಬರೇ ಎಲ್ಲ ಮಾಡಿದರು ಎಂದು ಹೇಳಿದರೆ ತಪ್ಪಾಗುತ್ತದೆ. ನ್ಗೆರಿನ್ ಬಂಬಾರಾ ಎಂಬ ಊರಿನಲ್ಲಿ ಉರೇ ಸಾಲ್ ಎಂಬ ಹೆಂಗಸಿದ್ದರು. ಛೇದನ ಮಾಡುವುದೇ ಅವರ ಕಸುಬು. ಅನ್ನ, ಮರ್ಯಾದೆ ಎರಡೂ ಅದರಿಂದಲೇ. ತರಗತಿಗೆ ಹೋಗಿ ಕೂತು, ಉಳಿದವರು ಹೇಳಿದ್ದನ್ನೆಲ್ಲ ಕೇಳಿದ ಮೇಲೆ ಅವರು ಆ ಕೆಲಸ ಬಿಟ್ಟರು. ಬಿಟ್ಟು ಮನೆಯಲ್ಲಿ ಕೂರಲಿಲ್ಲ, ಊರೂರಿಗೆ ಹೋಗಿ ತಾವೇ ಮಾಡುತ್ತಿದ್ದ ಕೆಲಸದ ಬಗ್ಗೆ ಮಾತಾಡಿದರು. ಇಮಾಮ ಧರ್ಮ ಇದನ್ನು ಕೇಳುವುದಿಲ್ಲ ಎನ್ನಬಹುದು. ಕತ್ತಿ ಹಿಡಿದ ಕೈ ನಾನು ಕಣ್ಣಾರೆ ಕಂಡದ್ದು ಇದು ಎಂದಾಗ ಅದರ ತೂಕ ಬೇರೆ. ಗಂಡಸರ ಚಾವಡಿಯಲ್ಲಿ ಒಬ್ಬರ ಮಾತು ನಡೆಯುತ್ತದೆ, ಹೆಂಗಸರ ಅಡುಗೆಮನೆಯಲ್ಲಿ ಇನ್ನೊಬ್ಬರದು. ಎರಡೂ ಬೇಕಿತ್ತು.

1998ರ ಫೆಬ್ರವರಿ 14 ಮತ್ತು 15ರಂದು ಜಾಬುಗು ಎಂಬ ಹಳ್ಳಿಯಲ್ಲಿ 13 ಊರುಗಳ ಪ್ರತಿನಿಧಿಗಳು ಸೇರಿದರು. ಮೊದಲೇ ತೀರ್ಮಾನಿಸಿದ್ದ ಮಾಲಿಕುಂಡಾ, ನ್ಗೆರಿನ್, ಕೆರ್ ಸಿಂಬಾರಾ ಎಂಬ ಮೂರು ಊರು, ಜಾವಾರಾ ನಡೆದು ಹೋದ ಹತ್ತು ಊರು. ಸುಮಾರು 8,000 ಜನರ ಪರವಾಗಿ ಅವರು ಒಟ್ಟಿಗೆ ಮಾತು ಕೊಟ್ಟರು. ಅದೇ ವರ್ಷ ದಕ್ಷಿಣದ ಕೊಲ್ಡಾ ಪ್ರದೇಶದಲ್ಲಿ ಫುಲಾ ಜನರ 18 ಹಳ್ಳಿಗಳು ಇಂಥದೇ ಘೋಷಣೆ ಮಾಡಿದವು.

ನಾಲ್ಕು ಜನರ ಮುಂದೆ ಮಾತು ಕೊಡುವುದರಲ್ಲಿ ಅಂಥದ್ದೇನಿದೆ ಎಂದು ಕೇಳಬಹುದು. ಈ ಪ್ರಶ್ನೆಗೆ ಉತ್ತರ ಹುಡುಕಿದವರು ಗೆರ್ರಿ ಮ್ಯಾಕಿ ಎಂಬ ವಿದ್ವಾಂಸರು. 1996ರಲ್ಲಿ, ಅಂದರೆ ಮಾಲಿಕುಂಡಾದ ಘೋಷಣೆಗೆ ಒಂದು ವರ್ಷ ಮುಂಚೆ, ಅವರು ಪ್ರಕಟಿಸಿದ ಪ್ರಬಂಧ ಚೀನಾದ ಕಾಲು ಕಟ್ಟುವ ಪದ್ಧತಿಯನ್ನೂ ಆಫ್ರಿಕಾದ ಛೇದನವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿತ್ತು. ಚೀನಾದಲ್ಲಿ ಶತಮಾನಗಳ ಕಾಲ ಹುಡುಗಿಯರ ಪಾದಗಳನ್ನು ಬಟ್ಟೆಯಿಂದ ಬಿಗಿದು, ಮೂಳೆ ಮುರಿದು ಚಿಕ್ಕದಾಗಿಸುತ್ತಿದ್ದರು. ಕಾರಣ ಅದೇ: ದೊಡ್ಡ ಕಾಲಿನವಳಿಗೆ ಗಂಡು ಸಿಗುವುದಿಲ್ಲ. 1874ರಲ್ಲಿ ಶಿಯಾಮೆನ್ ನಗರದಲ್ಲಿ ಜಾನ್ ಮೆಕ್‌ಗವನ್ ಎಂಬ ಕ್ರೈಸ್ತ ಪಾದ್ರಿ ಮೊದಲ ವಿರೋಧಿ ಸಂಘ ಕಟ್ಟಿಸಿದರು. 1890ರ ದಶಕದಲ್ಲಿ ಚೀನೀ ಸುಧಾರಕರ ಕೈಗೆ ಬಂದಾಗ ಅದು ದೇಶದ ಚಳವಳಿಯಾಯಿತು. ಆ ಸಂಘಗಳ ಸದಸ್ಯರು ಎರಡು ಮಾತು ಕೊಡಬೇಕಿತ್ತು: ಮಗಳ ಕಾಲು ಕಟ್ಟುವುದಿಲ್ಲ, ಕಾಲು ಕಟ್ಟಿದ ಹುಡುಗಿಯನ್ನು ಮಗನಿಗೆ ತರುವುದಿಲ್ಲ. ಎರಡನೆಯ ಮಾತಿನಲ್ಲಿದೆ ಗುಟ್ಟು. ಗಂಡು ಹೆತ್ತವರು ಬಾಯಿಬಿಟ್ಟು ಹೇಳಿದ ಮೇಲೆ ಹೆಣ್ಣು ಹೆತ್ತವರ ಭಯಕ್ಕೆ ಆಧಾರವೇ ಇರುವುದಿಲ್ಲ. ಸಾವಿರ ವರ್ಷ ಬಾಳಿದ ಪದ್ಧತಿ ಒಂದು ತಲೆಮಾರಿನಲ್ಲಿ ಕುಸಿಯಿತು.

ಮ್ಯಾಕಿ ಗ್ರಂಥಾಲಯಗಳಲ್ಲಿ ಕೂತು ಕಂಡುಕೊಂಡ ಈ ಸೂತ್ರವನ್ನು ಜಾವಾರಾ ತಮ್ಮ ಬೀಗರ ಮನೆಗಳ ಲೆಕ್ಕದಿಂದಲೇ ಕಂಡುಕೊಂಡಿದ್ದರು. ವಿದ್ವಾಂಸರಿಗೆ ಸೆನೆಗಲ್‌ನ ಸುದ್ದಿ ತಲುಪಿ ತೊಸ್ತಾನ್ ಜೊತೆ ನಂಟು ಬೆಳೆದದ್ದು ಆಮೇಲೆ. ವಿದ್ವಾಂಸರೂ ಹಳ್ಳಿಯ ಇಮಾಮರೂ ಬೇರೆಬೇರೆ ದಾರಿಯಲ್ಲಿ ಕಂಡುಕೊಂಡ ಈ ಒಳನೋಟದ ಮೇಲೆ ಮುಂದೆ ಯುನಿಸೆಫ್‌ನಂಥ ಸಂಸ್ಥೆಗಳ ಕಾರ್ಯಕ್ರಮಗಳೇ ರೂಪುಗೊಂಡವು. ಎಂಟು ದೇಶಗಳ 8,000ಕ್ಕೂ ಹೆಚ್ಚು ಸಮುದಾಯಗಳು ಇಂಥ ಘೋಷಣೆ ಮಾಡಿವೆ ಎಂದು ತೊಸ್ತಾನ್ ಲೆಕ್ಕ ಕೊಡುತ್ತದೆ.

ಘೋಷಿಸಿದ ಊರಿನಲ್ಲೆಲ್ಲ ಕತ್ತಿ ನಿಂತುಹೋಯಿತು ಎಂದು ಭಾವಿಸುವುದು ಬೇಡ. ಕದ್ದುಮುಚ್ಚಿ ನಡೆಸುವ ಮನೆಗಳಿವೆ, ಗಡಿ ದಾಟಿಸಿ ಮಾಡಿಸಿಕೊಂಡು ಬರುವವರಿದ್ದಾರೆ. ಸೆನೆಗಲ್‌ನ 2019ರ ರಾಷ್ಟ್ರೀಯ ಸಮೀಕ್ಷೆಯಲ್ಲೂ ಛೇದನಕ್ಕೆ ಒಳಗಾದ ಹೆಂಗಸರ ಪ್ರಮಾಣ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಭಾಗ ಇತ್ತು. 1999ರ ಜನವರಿಯಲ್ಲಿ ಅಲ್ಲಿನ ಸಂಸತ್ತು ಛೇದನವನ್ನು ಅಪರಾಧವೆಂದು ಸಾರಿ, ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸ ವಿಧಿಸಿತು. ಆಗ ತೊಸ್ತಾನ್‌ನವರಿಗೆ ಸಂತೋಷಕ್ಕಿಂತ ಅಳುಕೇ ಹೆಚ್ಚಾಗಿತ್ತು. ಜನ ತಾವಾಗಿ ಮನಸ್ಸು ಬದಲಿಸುತ್ತಿರುವ ಹೊತ್ತಿನಲ್ಲಿ ಪೊಲೀಸರು ಬಂದರೆ ಪದ್ಧತಿ ಮನೆಯೊಳಗೆ ಸೇರಿಕೊಳ್ಳುತ್ತದೆ ಎಂಬ ಭಯ. ಕಾನೂನು ಬೇಡ ಎಂದು ನಾನು ಹೇಳುತ್ತಿಲ್ಲ. ಮಗುವಿನ ಮೈಯನ್ನು ಕಾಯಲು ಕಾನೂನು ಇರಲೇಬೇಕು. ಆದರೆ ಹೆಂಗಸರ ಮಾತು, ಹಿರಿಯರ ನಡಿಗೆ ಎರಡೂ ಇಲ್ಲದ ಕಡೆ ಕಾನೂನಿನ ಕಾಗದ ಊರೊಳಗೆ ಕಾಲಿಡುವುದಿಲ್ಲ.

ಗುರುಪೀಠದ ಅಪ್ಪಣೆ ಮಾತ್ರ ಸಾಕೇ ಎಂಬುದಕ್ಕೆ ಈಜಿಪ್ಟನ್ನು ನೋಡಬೇಕು. ಕೈರೋದ ಅಲ್ ಅಝರ್ ಸುನ್ನಿ ಜಗತ್ತಿನ ಅತ್ಯಂತ ಗೌರವದ ವಿದ್ಯಾಪೀಠ. 1990ರ ದಶಕದಲ್ಲಿ ಅಲ್ಲಿನ ಪ್ರಧಾನ ಶೇಖ್ ಗಾದ್ ಅಲ್ ಹಕ್ ಈ ಪದ್ಧತಿಯನ್ನು ಸಮರ್ಥಿಸಿದರು. ಅದೇ ಹೊತ್ತಿನಲ್ಲಿ ದೇಶದ ಮುಫ್ತಿಯಾಗಿದ್ದ ತಂತಾವಿ ಇದಕ್ಕೆ ಧರ್ಮದ ಆಧಾರವಿಲ್ಲ ಎಂದರು. ತಮಗೆ ಬೇಕಾದ ಫತ್ವಾವನ್ನು ಜನ ಆರಿಸಿಕೊಂಡರು. 2006ರ ನವೆಂಬರಿನಲ್ಲಿ ಅಲ್ ಅಝರ್‌ನಲ್ಲೇ ನಾನಾ ದೇಶಗಳ ವಿದ್ವಾಂಸರು ಸೇರಿ ಇದನ್ನು ಖಂಡಿಸಿದರು. 2007ರಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಇದೇ ಶಸ್ತ್ರಕ್ರಿಯೆಯಲ್ಲಿ ಸತ್ತಾಗ ಮುಫ್ತಿ ಅಲಿ ಗೋಮಾ ಇದು ನಿಷಿದ್ಧವೆಂದೇ ಹೇಳಿದರು. 2008ರಲ್ಲಿ ಕಾನೂನೂ ಬಂತು. 2014ರ ಸಮೀಕ್ಷೆಯಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 92 ಮಂದಿ ಛೇದನಕ್ಕೆ ಒಳಗಾದವರು. ಇವರಲ್ಲಿ ಬಹುಪಾಲು ಕಾನೂನಿಗೆ ಮುಂಚೆಯೇ ಕತ್ತಿ ಕಂಡವರು ಎಂಬುದನ್ನು ಮರೆಯಬಾರದು, ಹೊಸ ತಲೆಮಾರಿನಲ್ಲಿ ಪ್ರಮಾಣ ಇಳಿಯುತ್ತಿದೆ. ಆದರೆ ಅಲ್ಲಿ ಇನ್ನೊಂದು ಅನಾಹುತ ನಡೆದಿದೆ: ಈ ಕೆಲಸ ಸೂಲಗಿತ್ತಿಯರ ಕೈಯಿಂದ ಡಾಕ್ಟರುಗಳ ಕೈಗೆ ಹೋಗಿದೆ. ಇತ್ತೀಚಿನ ಛೇದನಗಳಲ್ಲಿ ಬಹುಪಾಲು ಮಾಡುತ್ತಿರುವವರು ವೈದ್ಯಕೀಯ ಸಿಬ್ಬಂದಿ. ಮೇಲಿನಿಂದ ಇಳಿದ ಆದೇಶಕ್ಕೆ ಕೆಳಗಿನವರು ಕಂಡುಕೊಂಡ ಉಪಾಯ ಇದು.

ಅದೇ ಗೌರವ, ಅದೇ ಪೀಠ ತಿರುಗಿ ನಿಂತರೆ ಏನಾಗುತ್ತದೆ ಎಂಬುದನ್ನು ಗಾಂಬಿಯಾ ತೋರಿಸಿದೆ. ಮೂರು ದಿಕ್ಕಿಗೂ ಸೆನೆಗಲ್ ಸುತ್ತುವರಿದ ಪುಟ್ಟ ದೇಶ ಅದು; ಗಡಿಯ ಎರಡೂ ಕಡೆ ಅದೇ ಮಂಡಿಂಕಾ, ಅದೇ ಫುಲಾ ಜನ. ಅಲ್ಲಿ ನಾಲ್ವರಲ್ಲಿ ಸುಮಾರು ಮೂವರು ಹೆಂಗಸರು ಛೇದನಕ್ಕೆ ಒಳಗಾದವರು. 2015ರಲ್ಲಿ, ಸರ್ವಾಧಿಕಾರಿ ಜಮ್ಮೆ ಆಡಳಿತದಲ್ಲಿ, ದಿಢೀರನೆ ನಿಷೇಧದ ಕಾನೂನು ಬಂತು. ಊರುಗಳಲ್ಲಿ ಮಾತುಕತೆ ನಡೆದು ಹುಟ್ಟಿದ ಕಾನೂನಲ್ಲ. 2023ರಲ್ಲಿ ಆ ಕಾನೂನಿನಡಿ ಮೂವರು ಹೆಂಗಸರಿಗೆ ದಂಡ ಬಿದ್ದಾಗ ಅಬ್ದುಲೀ ಫಾತಿ ಎಂಬ ಪ್ರಭಾವಿ ಇಮಾಮ ಮುಂದೆ ನಿಂತು ಆ ದಂಡ ಕಟ್ಟಿಸಿದರು, ಪದ್ಧತಿಯ ಪರ ಪ್ರಚಾರ ಶುರುಮಾಡಿದರು. 2024ರ ಮಾರ್ಚಿನಲ್ಲಿ ನಿಷೇಧ ತೆಗೆದುಹಾಕುವ ಮಸೂದೆ ಸಂಸತ್ತಿಗೆ ಬಂತು; ಮುಂದಿನ ಹಂತಕ್ಕೆ ಕಳಿಸಲು 42 ಮಂದಿ ಒಪ್ಪಿದರು, ವಿರೋಧಿಸಿದವರು ನಾಲ್ವರು. ಆ ಸಂಸತ್ತಿನ 58 ಸದಸ್ಯರಲ್ಲಿ ಹೆಂಗಸರು ಐವರು.

ಮುಂದಿನ ನಾಲ್ಕು ತಿಂಗಳು ಅಲ್ಲಿನ ಹೆಂಗಸರು ಪಟ್ಟ ಶ್ರಮ ಸಣ್ಣದಲ್ಲ. ಬಾಲ್ಯದಲ್ಲೇ ಇದಕ್ಕೆ ಬಲಿಯಾಗಿ ಬದುಕುಳಿದ ಜಾಹಾ ಡುಕುರೆಯಂಥವರು, ವೈದ್ಯರು, ನಿಷೇಧದ ಪರ ಇದ್ದ ಧರ್ಮಪಂಡಿತರು ಎಲ್ಲರೂ ದನಿಯೆತ್ತಿದರು. ಜುಲೈ 15ರಂದು ಸಂಸತ್ತು ಮಸೂದೆಯನ್ನು ತಿರಸ್ಕರಿಸಿತು. ಒಬ್ಬ ಇಮಾಮ ಹತ್ತು ಊರು ನಡೆದು ಕಟ್ಟಿದ್ದನ್ನು ಇನ್ನೊಬ್ಬ ಇಮಾಮ ಪ್ರವಚನದಿಂದ ಅಲುಗಿಸಬಲ್ಲ. ಹಾಗಾಗಿ ಧಾರ್ಮಿಕ ನಾಯಕರು ಒಳ್ಳೆಯವರೋ ಕೆಟ್ಟವರೋ ಎಂಬ ಚರ್ಚೆಯಿಂದ ಏನೂ ಗಿಟ್ಟುವುದಿಲ್ಲ. ಅವರು ಯಾರ ಮಾತನ್ನು ಹೊತ್ತು ನಡೆಯುತ್ತಿದ್ದಾರೆ ಎಂದು ಕೇಳಬೇಕು.

ಇದು ದೂರದ ಕತೆಯಲ್ಲ. ನಮ್ಮ ದೇಶದಲ್ಲೂ ದಾವೂದಿ ಬೋಹ್ರಾ ಸಮುದಾಯದಲ್ಲಿ ಖತ್ನಾ ಎಂಬ ಹೆಸರಿನಲ್ಲಿ ಇಂಥ ಪದ್ಧತಿ ಇದೆ. ಅದರ ವಿರುದ್ಧ ಮೊದಲು ಬಾಯಿಬಿಟ್ಟವರು ಆ ಸಮುದಾಯದ ಹೆಂಗಸರೇ. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ, 2018ರ ಸೆಪ್ಟೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠಕ್ಕೆ ವರ್ಗವಾಯಿತು.

ಇನ್ನು ನಮ್ಮ ನೆಲಕ್ಕೇ ಬಂದರೆ, ಸವದತ್ತಿಯ ಎಲ್ಲಮ್ಮನ ಗುಡ್ಡ. ದಲಿತ ಮನೆಗಳ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುವ ಪದ್ಧತಿಯ ವಿರುದ್ಧ ಕರ್ನಾಟಕ 1982ರಲ್ಲೇ ಕಾನೂನು ಮಾಡಿತು. ಮುತ್ತು ಕಟ್ಟಿದವರಿಗೂ ಕಟ್ಟಿಸಿದ ಹೆತ್ತವರಿಗೂ ಶಿಕ್ಷೆ. ಆದದ್ದೇನು? ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಎಲ್ಲರ ಕಣ್ಣೆದುರು ನಡೆಯುತ್ತಿದ್ದದ್ದು ಊರ ಸಣ್ಣ ಗುಡಿಗೆ, ಮನೆಯ ಒಳಕೋಣೆಗೆ ಸರಿಯಿತು. 1993-94ರ ಸರ್ಕಾರಿ ಸಮೀಕ್ಷೆಯಲ್ಲಿ 22,873 ದೇವದಾಸಿಯರು ಪತ್ತೆಯಾಗಿದ್ದರೆ, 2007-08ರ ಸಮೀಕ್ಷೆಯಲ್ಲಿ ಹೊಸದಾಗಿ ಪತ್ತೆಯಾದವರೂ ಸೇರಿ ಒಟ್ಟು ಸಂಖ್ಯೆ 46,660 ಆಯಿತು. ಮೊದಲನೆಯದರಲ್ಲಿ ಬಿಟ್ಟುಹೋದವರು ಎರಡನೆಯದರಲ್ಲಿ ಸೇರಿದ್ದಾರೆ ಎಂದುಕೊಂಡರೂ ಕಾನೂನು ಎಷ್ಟು ದೂರ ತಲುಪಿತ್ತು ಎಂಬುದು ಕಾಣುತ್ತದೆ.

ಬದಲಾವಣೆಯನ್ನು ಮನೆಬಾಗಿಲಿಗೆ ಒಯ್ದವರು ಪಡ್ಡಲಗಿ ಹೊತ್ತು ಜೋಗ ಬೇಡುತ್ತಿದ್ದ ಹೆಂಗಸರೇ. 1997ರಲ್ಲಿ, ಅತ್ತ ಮಾಲಿಕುಂಡಾದ ಹೆಂಗಸರು ಮಾತು ಕೊಟ್ಟ ವರ್ಷವೇ, ಇತ್ತ ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರು ಸೇರಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿಕೊಂಡರು. ಏಳನೇ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ ಆ ಸಂಸ್ಥೆಯನ್ನು ಮುನ್ನಡೆಸಿದರು, 2018ರಲ್ಲಿ ಪದ್ಮಶ್ರೀ ಪಡೆದರು. ಜೋಗತಿಯೆಂದರೆ ಊರವರಿಗೆ ಭಯ ಭಕ್ತಿ ಎರಡೂ ಇರುತ್ತವೆ. ಅವಳು ಹರಸಿದರೆ ಒಳಿತು, ಶಪಿಸಿದರೆ ಕೇಡು ಎಂದು ನಂಬಿದವರ ಮುಂದೆ ಅವಳೇ ನಿಂತು, ತಾಯಿ ಎಲ್ಲಮ್ಮ ಇದನ್ನು ಕೇಳಲಿಲ್ಲ, ನಿನ್ನ ಮಗಳಿಗೆ ಮುತ್ತು ಕಟ್ಟಿಸಬೇಡ ಎಂದರೆ ಅದನ್ನು ತಳ್ಳಿಹಾಕುವುದು ಸುಲಭವಲ್ಲ. ಸಂಪ್ರದಾಯದ ನಾಯಕತ್ವ ಎಂದಾಗ ನಮಗೆ ಕಾವಿ, ಕಿರೀಟ, ಪಲ್ಲಕ್ಕಿ ನೆನಪಾಗುತ್ತವೆ. ಈ ಹೆಂಗಸರೂ ಸಂಪ್ರದಾಯದ ನಾಯಕಿಯರೇ. ಅವರ ಜೊತೆ ಹುಣ್ಣಿಮೆಯ ದಿನ ಗುಡ್ಡದ ಮೆಟ್ಟಿಲ ಬಳಿ ನಿಂತು ಹೆತ್ತವರಿಗೆ ತಿಳಿಹೇಳಿದ ಮಠಾಧೀಶರ ಹೆಸರುಗಳನ್ನು ಬರೆಯಲು ಕೂತರೆ ಪಟ್ಟಿ ಬಹಳ ಬೇಗ ಮುಗಿಯುತ್ತದೆ.

ಹೀಗೆ ನಡೆದ ಸ್ವಾಮಿಗಳು ನಮ್ಮಲ್ಲಿ ಇಲ್ಲವೆಂದಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಕಾಳು ಕಾಸು ಬೇಡಲಿಲ್ಲ. ನಿಮ್ಮ ಕುಡಿತ, ಬೀಡಿ, ಗುಟ್ಕಾ ಈ ಜೋಳಿಗೆಗೆ ಹಾಕಿ ಎಂದರು. ಓಣಿ ಓಣಿಗೆ, ದಲಿತ ಕೇರಿಗೆ, ಮಠದವರು ಕಾಲಿಡದ ಮನೆಗಳಿಗೆ ಹೋದರು. ಆ ಜೋಳಿಗೆಗೆ ಬಿದ್ದ ಪ್ರತಿ ಬಾಟಲಿಯ ಹಿಂದೆ ಹೊಡೆತ ತಿನ್ನುತ್ತಿದ್ದ ಒಬ್ಬ ಹೆಂಡತಿ ಇದ್ದಳು, ಕೂಲಿ ಹಣ ಕಿತ್ತುಕೊಳ್ಳದಂತೆ ಬಚ್ಚಿಡುತ್ತಿದ್ದ ಒಬ್ಬ ತಾಯಿ ಇದ್ದಳು. ಶಿವಯೋಗಿಗಳ ಹುಟ್ಟುಹಬ್ಬ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಅವರ ಕೆಲಸವನ್ನು ಹೆಣ್ಣಿನ ನ್ಯಾಯದ ಲೆಕ್ಕದಲ್ಲಿ ಯಾರೂ ಬರೆದಿಟ್ಟಿಲ್ಲ, ಬರೆಯಬೇಕು.

ಈ ಹೊತ್ತು ಆ ಬಗೆಯ ನಡಿಗೆ ತುರ್ತಾಗಿ ಬೇಕಾಗಿರುವುದು ಬಾಲ್ಯವಿವಾಹದ ವಿಷಯದಲ್ಲಿ. ಕಾನೂನಿನ ಕಡೆಯಿಂದ ಕೊರತೆಯಿಲ್ಲ. 2006ರ ಕೇಂದ್ರ ಕಾಯ್ದೆಯಲ್ಲಿ ಮದುವೆ ಮಾಡಿಸಿದ ಪುರೋಹಿತನಿಗೂ ಎರಡು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಕರ್ನಾಟಕ ಒಂದು ಹೆಜ್ಜೆ ಮುಂದೆ ಹೋಗಿ, 2016ರ ತಿದ್ದುಪಡಿಯಿಂದ ಬಾಲ್ಯವಿವಾಹವನ್ನು ಮೂಲದಲ್ಲೇ ಅನೂರ್ಜಿತಗೊಳಿಸಿದೆ. ಆದರೂ ಮದುವೆಗಳು ನಡೆಯುತ್ತಿವೆ, ಕಾರಣವೂ ಗುಟ್ಟಲ್ಲ. ವಯಸ್ಸು ಮೀರಿದರೆ ಒಳ್ಳೆಯ ಸಂಬಂಧ ಬರುವುದಿಲ್ಲ, ವರದಕ್ಷಿಣೆ ಏರುತ್ತದೆ, ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಊರು ಆಡಿಕೊಳ್ಳುತ್ತದೆ ಎಂಬ ದಿಗಿಲು. ಹುಡುಗಿಯ ಮನೆಯವರಿಗೆ ಮಾತ್ರ ಬುದ್ಧಿ ಹೇಳುತ್ತ ಬಂದಿದ್ದೇವೆ. ಹದಿನೈದು ವರ್ಷದ ಹುಡುಗಿಯನ್ನು ನೋಡಲು ಬಂದು ಕೂತ ಗಂಡಿನ ಕಡೆಯವರ ಊರಿಗೆ ಹೋಗಿ ಯಾರೂ ಕೇಳುತ್ತಿಲ್ಲ.

ಅಕ್ಷಯ ತೃತೀಯ ಬಂದರೆ ಅಧಿಕಾರಿಗಳು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ. ಮುಹೂರ್ತ ನೋಡಬೇಕಿಲ್ಲದ ದಿನ, ಸದ್ದಿಲ್ಲದೆ ತಾಳಿ ಕಟ್ಟಿಸುವವರಿಗೂ ಅನುಕೂಲ. ಅದೇ ದಿನ ಬಸವ ಜಯಂತಿ. ಊರೂರಿನಲ್ಲಿ ಮಠಾಧೀಶರ ಸಾನ್ನಿಧ್ಯದಲ್ಲಿ ಸಾಮೂಹಿಕ ವಿವಾಹಗಳು ಜರುಗುತ್ತವೆ. ದಾಖಲೆ ನೋಡಿಯೇ ಹೆಸರು ಬರೆದುಕೊಳ್ಳುವ ಮಠಗಳಿವೆ, ಅದು ಸರಿಯಾದ ಕ್ರಮ. ಅಲ್ಲಿ ತಿರಸ್ಕೃತವಾದ ಜೋಡಿ ವಾರದೊಳಗೆ ಹೊಲದ ಮನೆಯಲ್ಲೋ ಪಕ್ಕದ ರಾಜ್ಯದ ಗುಡಿಯಲ್ಲೋ ಮದುವೆಯಾದರೆ ಮಠದ ಪಾಲಿಗೆ ವಿಷಯ ಮುಗಿಯಿತು. ಆದರೆ ಅರ್ಜಿ ವಾಪಸು ಕಳಿಸಿದಾಗಲೇ ಆ ಎರಡೂ ಕುಟುಂಬಗಳ ವಿಳಾಸ ಮಠದ ಕೈಯಲ್ಲಿರುತ್ತದೆ. ಸ್ವಾಮಿಗಳು ಪಾದಪೂಜೆಗೆ ಹೋಗುವ ಭಕ್ತರ ಊರುಗಳು, ಬೀಗತನ ನಡೆಯುವ ಊರುಗಳು ಬಹುಪಾಲು ಒಂದೇ. ಗಂಡು ಹೆತ್ತವರನ್ನು ಕೂರಿಸಿಕೊಂಡು, ಹದಿನೆಂಟು ತುಂಬದ ಹುಡುಗಿಯನ್ನು ನಾವು ಸೊಸೆಯಾಗಿ ತರುವುದಿಲ್ಲ ಎಂದು ಊರ ಮುಂದೆ ಮಾತು ಕೊಡಿಸುವುದು ಮಠಕ್ಕೆ ಆಗದ ಕೆಲಸವಲ್ಲ.

ಈಗ ಆ ಭಾರವನ್ನೆಲ್ಲ ಹೊತ್ತಿರುವವಳು ಅಂಗನವಾಡಿ ಕಾರ್ಯಕರ್ತೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿ ಸುದ್ದಿ ಕೊಡುವವಳು ಅವಳು, ಹಾಗೆಂದು ಅನುಮಾನಕ್ಕೆ ಗುರಿಯಾಗುವವಳೂ ಅವಳೇ. ಮದುವೆ ನಿಂತ ಮರುದಿನ ಅದೇ ಓಣಿಯಲ್ಲಿ ಮಕ್ಕಳನ್ನು ಕರೆತರಲು, ಬಸುರಿಯರ ಹೆಸರು ಬರೆದುಕೊಳ್ಳಲು ಅವಳು ಮನೆಮನೆಗೆ ಹೋಗಬೇಕು. ನೆಂಟರೆದುರು ತಲೆ ತಗ್ಗಿಸುವಂತೆ ಮಾಡಿದವಳು ಎಂದು ಬಾಗಿಲು ಹಾಕಿಕೊಳ್ಳುವವರಿದ್ದಾರೆ, ಬೈಯುವವರಿದ್ದಾರೆ, ಕೈ ಎತ್ತುವವರಿದ್ದಾರೆ. ಅವಳ ಮೇಲಿನವರು ತಾಲ್ಲೂಕು ಕೇಂದ್ರದಲ್ಲಿದ್ದಾರೆ. ಆ ಊರಿನ ಮಠದ ಸ್ವಾಮಿಗಳು, ದರ್ಗಾದ ಹಿರಿಯರು, ಚರ್ಚಿನ ಫಾದರ್ ಇರುವುದು ನಾಲ್ಕು ಹೆಜ್ಜೆಯ ದೂರದಲ್ಲಿ. ಅವಳು ಮುಂದೆ, ಅವರು ಅವಳ ಜೊತೆ, ಆ ಓಣಿಯ ಉದ್ದಕ್ಕೂ ಒಂದು ಸಂಜೆ ನಡೆದು ಬರಲಿ.